ಪರರ ನೆಲದ ಮೇಲಿನ ಮಾಳಿಗೆ

ಧಾರಾವಿಯ ಗಲ್ಲಿಗಳಲ್ಲಿ ಓಡಾಡಿದವರೆಲ್ಲ ಆ ಕಬ್ಬಿಣದ ಏಣಿಗಳನ್ನು ಕಂಡಿರುತ್ತಾರೆ. ಕೆಳಗೊಂದು ಖೋಲಿ, ಅದರ ಮೇಲೆ ಇನ್ನೊಂದು. ಮೇಲಿನದಕ್ಕೆ ಹೊರಗಿನಿಂದಲೇ ಏಣಿ. ಕಟ್ಟಿದವನ ಬೆವರು ನಿಜ, ವಾಸವೂ ನಿಜ. ನೆಲ ಮಾತ್ರ ಅವನದಲ್ಲ. ಕಂಪ್ಯೂಟರ್ ಆಟಗಳ ಲೋಕದಲ್ಲಿ 'ಮಾಡ್' ಎನ್ನಿಸಿಕೊಳ್ಳುವ ಅಭಿಮಾನಿ ರಚನೆಗಳದೂ ಇದೇ ಸ್ಥಿತಿ. ಕಂಪೆನಿ ಮಾರಿದ ಆಟವನ್ನು ಬಿಚ್ಚಿ, ತಮ್ಮದನ್ನು ಸೇರಿಸಿ, ಬಹುಮಟ್ಟಿಗೆ ಪುಕ್ಕಟೆಯಾಗಿ ಹಂಚುವ ಕೆಲಸವಿದು. ಹುಡುಗಾಟವೆಂದು ತಳ್ಳಿಹಾಕುವ ಮುನ್ನ ಇದನ್ನು ಕಲೆಯೆಂದು ಒಮ್ಮೆ ತೂಗಿ ನೋಡುವುದು ಉಚಿತ.

ನಮಗೆ ಹತ್ತಿರದ ಉದಾಹರಣೆ, 2006ರಲ್ಲಿ ಇ.ಎ. ಸ್ಪೋರ್ಟ್ಸ್ ಹೊರತಂದ 'ಕ್ರಿಕೆಟ್ 07'. ಅದರಲ್ಲಿ ನಮ್ಮ ಆಟಗಾರರ ನಿಜವಾದ ಹೆಸರುಗಳಿಗೆ ಪರವಾನಗಿ ಇರಲಿಲ್ಲ, ತಿರುಚಿದ ಹೆಸರುಗಳಿದ್ದವು. ಆ ಕಂಪೆನಿ ಮುಂದೆ ಕ್ರಿಕೆಟ್ ಆಟವನ್ನೇ ಕೈಬಿಟ್ಟಿತು. ಆದರೆ ಅಭಿಮಾನಿಗಳು ಬಿಡಲಿಲ್ಲ. ಹೆಸರುಗಳನ್ನು ತಿದ್ದಿದರು, ಮುಖಗಳನ್ನು ಬರೆದರು. 2008ರಲ್ಲಿ ಐ.ಪಿ.ಎಲ್. ಆರಂಭವಾದ ಮೇಲೆ, ಆಟದಲ್ಲಿದ್ದ ಬೇರೆ ತಂಡಗಳ ಅಂಗಿ ಕಳಚಿ ಮುಂಬಯಿ, ಬೆಂಗಳೂರು ತಂಡಗಳ ಅಂಗಿ ತೊಡಿಸಿದರು. ಒಡೆಯನೇ ಮರೆತ ಆಟವನ್ನು ವರುಷಗಟ್ಟಲೆ ಬದುಕಿಸಿದ ಕೀರ್ತಿ ಇವರದು.

ಇಷ್ಟಾದರೂ ವಿಮರ್ಶೆಗೆ ಹೇಳುವುದೊಂದು ಉಳಿಯುತ್ತದೆ. ತಾಳಮದ್ದಳೆಯಲ್ಲಿ ಪ್ರಸಂಗ ಹಳೆಯದೇ, ವೇಷವೂ ಇಲ್ಲ. ಅರ್ಥಧಾರಿಯ ಮಾತಿನಿಂದಲೇ ಅದು ಹೊಸದಾಗುತ್ತದೆ. 'ಕ್ರಿಕೆಟ್ 07'ರ ಬಹುಪಾಲು ಪ್ಯಾಚುಗಳಲ್ಲಿ ವೇಷ ಹೊಸದು, ಅರ್ಥ ಹಳೆಯದು. ಇದಕ್ಕೆ ಪ್ರತಿಭೆಯ ಕೊರತೆಯನ್ನು ದೂರುವಂತಿಲ್ಲ. ಎದುರಾಳಿ ಯೋಚಿಸುವ ಬಗೆ ಮೂಲ ಪ್ರೋಗ್ರಾಮಿನ ಒಳಗಿದೆ. ಅದರ ಸೋರ್ಸ್ ಕೋಡ್ ಕಂಪೆನಿಯ ಪೆಟ್ಟಿಗೆಯಲ್ಲಿದೆ. ಗೋಡೆಗೆ ಬಣ್ಣ ಬಳಿಯಬಹುದು, ಅಡಿಪಾಯ ಮುಟ್ಟುವುದು ಕಷ್ಟ.

ಒಡೆಯ ಬಾಗಿಲು ತೆರೆದರೆ ಏನಾಗುತ್ತದೆಂಬುದಕ್ಕೆ 'ಬ್ಲ್ಯಾಕ್ ಮೆಸಾ' ಸಾಕ್ಷಿ. 1998ರ 'ಹಾಫ್-ಲೈಫ್' ಆಟವನ್ನು ಸ್ವಯಂಸೇವಕರು ಹೊಸದಾಗಿ ಕಟ್ಟತೊಡಗಿ, 2012ರಲ್ಲಿ ಕೊನೆಯ ಭಾಗವಿಲ್ಲದೆಯೇ ಪುಕ್ಕಟೆ ಕೊಟ್ಟರು. ಮೂಲ ಕಂಪೆನಿ ವಾಲ್ವ್ ಅದನ್ನು ಮಾರಲೂ ಅನುಮತಿ ಕೊಟ್ಟಿತು. 2020ರಲ್ಲಿ ಅದು ಪೂರ್ಣಗೊಂಡಿತು. ಆ ಕೊನೆಯ ಭಾಗ ಬರಿಯ ನಕಲಲ್ಲ, ಮೂಲಕ್ಕಿಂತ ವಿಸ್ತಾರವಾದದ್ದು. ಇಲ್ಲಿ ಅಭಿಮಾನಿಯು ಅರ್ಥ ಹೇಳಿದ್ದಾನೆ.

ಬಾಗಿಲು ತೆರೆದಿದ್ದರೂ ನೆಲ ಅಲುಗುವುದುಂಟು. 'ಫಾಲ್‌ಔಟ್: ಲಂಡನ್' 2024ರ ಏಪ್ರಿಲ್ 23ಕ್ಕೆ ಬರಬೇಕಾಗಿತ್ತು. ಅದೇ ವಾರ ಮೂಲ ಆಟಕ್ಕೆ ಕಂಪೆನಿಯ ದೊಡ್ಡ ಪರಿಷ್ಕರಣೆ ಬರುವುದಿತ್ತು. ಅದರಿಂದ ವರುಷಗಳ ದುಡಿಮೆ ಹೊಂದಾಣಿಕೆ ತಪ್ಪುವ ಭಯ ಹುಟ್ಟಿ, ಬಿಡುಗಡೆ ಜುಲೈಗೆ ಹೋಯಿತು. ಇದರಲ್ಲಿ ಯಾರ ದ್ವೇಷವೂ ಇರಲಿಲ್ಲ. ಕೆಳಗಿನವನು ಮನೆ ರಿಪೇರಿ ಮಾಡಿಸಿದ, ಮೇಲಿನವನ ಏಣಿ ಸರಿಯಿತು. ಇನ್ನು ಟೇಕ್-ಟು ಕಂಪೆನಿಯದು ಬೇರೆಯೇ ರೀತಿ. ಸೈಬರ್ ಕೆಫೆಗಳ ಕಾಲದಲ್ಲಿ ನಮ್ಮ ಹುಡುಗರ ಅಚ್ಚುಮೆಚ್ಚಾಗಿದ್ದ 'ವೈಸ್ ಸಿಟಿ'ಯ ಪ್ರೋಗ್ರಾಮನ್ನು ಬಿಡಿಸಿ ಮರುಬರೆದವರ ಮೇಲೆ ಅದು 2021ರಲ್ಲಿ ಮೊಕದ್ದಮೆಯನ್ನೇ ಹೂಡಿತು.

ಧಾರಾವಿಯ ಪುನರ್ವಿಕಾಸದ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2000ದ ಜನವರಿ 1ಕ್ಕೆ ಮೊದಲಿನ ನೆಲಮಹಡಿಯ ನಿವಾಸಿಗಳಿಗೆ ಅಲ್ಲಿಯೇ ಪುಕ್ಕಟೆ ಮನೆಯೆಂಬುದು ಯೋಜನೆಯ ಮಾತು. ಮಾಳಿಗೆಯವರಿಗೆ ಧಾರಾವಿಯ ಹೊರಗೆ, ಬಾಡಿಗೆಯ ಕರಾರು. ಮಾಳಿಗೆಯವನ ಶ್ರಮವನ್ನು ಅಳೆಯುವ ಕೋಲು ಎರಡೂ ಕಡೆ ಇನ್ನೂ ತಯಾರಾಗಿಲ್ಲ. ಮನೆ ಹೋದವನ ಸಂಕಟಕ್ಕೆ ಆಟದ ಸಂಕಟವನ್ನು ಸರಿಗಟ್ಟುವ ಉದ್ದೇಶ ಇಲ್ಲಿಲ್ಲ. ನ್ಯಾಯದ ಪ್ರಶ್ನೆ ಮಾತ್ರ ಒಂದೇ.

ಕಂಪೆನಿಗಳು ತಮ್ಮ ಹಕ್ಕನ್ನು ಬಿಟ್ಟುಕೊಡಬೇಕೆಂದು ಯಾರೂ ಕೇಳುವುದಿಲ್ಲ. ತಾವು ಕೈಬಿಟ್ಟ ಆಟಗಳ ಬೀಗದ ಕೈಯನ್ನಾದರೂ, ಅವನ್ನು ಪ್ರೀತಿಯಿಂದ ಉಳಿಸಿಕೊಂಡವರಿಗೆ ಕೊಡಬಹುದು. ನಮ್ಮ ತರುಣರಿಗೂ ಒಂದು ಮಾತು ಸಲ್ಲುತ್ತದೆ. ಕೈಗೆ ಇಷ್ಟು ಕಸುಬು ಬಂದ ಮೇಲೆ, ಅಂಗಿ ಬದಲಿಸುವುದರಲ್ಲೇ ತೃಪ್ತರಾಗದೆ, ಚಿಕ್ಕದಾದರೂ ಸರಿ, ತಮ್ಮದೇ ಪ್ರಸಂಗವನ್ನು ಕಟ್ಟಲಿ. ಅದರ ನೆಲವೂ ಅವರದೇ ಆಗಿರುತ್ತದೆ.