ಕಿರುಜಗತ್ತೆಂಬ ರೂಪಕ

ಅಮೆರಿಕದ ಇಲಿನಾಯ್ ಪ್ರಾಂತದ ಜೀವಶಾಸ್ತ್ರಜ್ಞರಾದ ಸ್ಟೀಫನ್ ಫೋರ್ಬ್ಸ್ ಪಂಡಿತರು 1887ನೆಯ ಇಸವಿಯಲ್ಲಿ ಪಿಯೋರಿಯಾ ನಗರದ ವಿಜ್ಞಾನಸಂಘದ ಮುಂದೆ ಓದಿದ ಪ್ರಬಂಧವು ಸರೋವರವನ್ನು ಒಂದು ಕಿರುಜಗತ್ತೆಂದು ಭಾವಿಸಿತು. ಒಂದು ಮೀನನ್ನು ತಿಳಿಯಬೇಕಾದರೆ ಅದು ತಿನ್ನುವ ಜೀವಿಗಳನ್ನೂ, ಅವು ತಿನ್ನುವ ಸೂಕ್ಷ್ಮಜೀವಿಗಳನ್ನೂ, ಅದರೊಡನೆ ಆಹಾರಕ್ಕಾಗಿ ಸ್ಪರ್ಧಿಸುವ ಪ್ರಾಣಿಗಳನ್ನೂ ತಿಳಿಯಬೇಕೆಂಬ ಅವರ ಮಾತು ಇಂದಿಗೂ ಅಚಲವಾಗಿದೆ. ತಿನ್ನುವ ಜೀವಿಗೂ ಅದಕ್ಕೆ ಆಹಾರವಾಗುವ ಜೀವಿಗೂ ಹಿತವು ಒಂದೇ; ಆದುದರಿಂದ ನಿಸರ್ಗದ ಆಯ್ಕೆಯೇ ಅವುಗಳ ನಡುವೆ ಸಮತೋಲವನ್ನು ನೆಲೆಗೊಳಿಸುವುದು ಎಂಬುದು ಪ್ರಬಂಧದ ನಿರ್ಣಯ.

ಪ್ರಬಂಧದ ಬಲವೂ ದೌರ್ಬಲ್ಯವೂ ಈ ಒಂದೇ ರೂಪಕದಲ್ಲಿ ಅಡಗಿವೆ. ಜೀವಿಗಳ ಪರಸ್ಪರ ಸಂಬಂಧವನ್ನು ಅದು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ; ಆದರೆ ಸಮತೋಲದ ಕಾರಣವೆಲ್ಲವೂ ಸರೋವರದ ಒಳಗೇ ಇರುವುದೆಂಬ ಭ್ರಾಂತಿಗೂ ಎಡೆಗೊಡುತ್ತದೆ. ನದಿಯ ನೆರೆಯು ಸರೋವರವನ್ನು ಹೊಕ್ಕು ಜೀವಿಗಳ ಸಂಖ್ಯೆಯನ್ನು ಏರಿಳಿಸುವುದನ್ನು ಗ್ರಂಥಕರ್ತರು ಗಮನಿಸದೆ ಇಲ್ಲ. ಆದರೂ ಹೊರಗಿನ ಶಾಖವು ಶಾಶ್ವತವಾಗಿ ಬದಲಾಗಬಹುದೆಂಬ ಶಂಕೆಗೆ ಅಲ್ಲಿ ಸ್ಥಾನವಿಲ್ಲ.

ಮುಂದೆ 1958ರಲ್ಲಿ ಚಾರ್ಲ್ಸ್ ಎಲ್ಟನ್ನರು ಜಾತಿಗಳು ಹೆಚ್ಚಿದಷ್ಟೂ ಜೀವಸಮುದಾಯವು ಸ್ಥಿರವೆಂದು ವಾದಿಸಿದರು. 1972ರಲ್ಲಿ ರಾಬರ್ಟ್ ಮೇ ಅವರು ಗಣಿತದಿಂದ ಪರೀಕ್ಷಿಸಿ, ಜಾತಿಗಳೂ ಅವುಗಳ ಸಂಬಂಧಗಳೂ ಹೆಚ್ಚಿದ ಮಾತ್ರದಿಂದ ಸ್ಥಿರತೆಯು ಸಿದ್ಧಿಸದೆಂದು ತೋರಿಸಿದರು. ಈ ವಿವಾದದಲ್ಲಿಯೂ ಎಣಿಕೆಯೇ ಪ್ರಧಾನವಾಯಿತು.

ಆಫ್ರಿಕದ ಟಾಂಗನ್ಯೀಕ ಸರೋವರವು ಈ ವಿಚಾರಕ್ಕೆ ಒರೆಗಲ್ಲು. ಸುಮಾರು 1470 ಮೀಟರು ಆಳವುಳ್ಳ ಆ ಸರೋವರದಲ್ಲಿ, ಬೇರೆಲ್ಲಿಯೂ ದೊರೆಯದ ಮೀನಿನ ಜಾತಿಗಳು ನೂರಾರು ಇವೆ. ಅವುಗಳಲ್ಲಿ ಬಹುಪಾಲು ದಡದ ಸಮೀಪದಲ್ಲಿ ವಾಸಿಸತಕ್ಕವು. ಸುತ್ತಣ ನಾಲ್ಕು ದೇಶಗಳ ಬೆಸ್ತರಿಗೆ ಆಧಾರವಾದ ನಡುನೀರಿನ ಮೀನುಗಾರಿಕೆಯಾದರೋ ಕೆಲವೇ ಜಾತಿಗಳನ್ನು ನೆಮ್ಮಿದೆ. ಮೇಲಿನ ನೀರು ಕಾದಂತೆಲ್ಲ ಹಗುರಾಗಿ, ಕೆಳಗಿನ ತಣ್ಣೀರಿನೊಡನೆ ಬೆರೆಯದು, ಆಳದ ಪೋಷಕದ್ರವ್ಯಗಳು ಮೇಲೇರವು, ಪಾಚಿಯು ಕುಂದುವುದು, ಪಾಚಿಯನ್ನು ತಿಂದು ಬದುಕುವ ಸೂಕ್ಷ್ಮಪ್ರಾಣಿಗಳೂ, ಅವುಗಳನ್ನು ತಿನ್ನುವ ಮೀನುಗಳೂ ಕ್ಷೀಣಿಸುವುವು. ಪಾಚಿಯ ಉತ್ಪತ್ತಿಯು ಸುಮಾರು 20 ಪಾಲು ಶತಾಂಶ ಕುಗ್ಗಿರಬಹುದೆಂದು 2003ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಗಣಿಸಿತು. ಮೀನಿನ ಇಳುವರಿಯು ಇಳಿದುದಕ್ಕೆ ಅತಿಯಾದ ಹಿಡಿತವೂ ಕಾರಣವೆಂದು ಆಕ್ಷೇಪಿಸಿದವರುಂಟು. ಆ ಆಕ್ಷೇಪವು ಶಾಖದ ಪ್ರಭಾವವನ್ನು ಅಲ್ಲಗಳೆಯದು.

ದಡದಲ್ಲಿ ನೂರಾರು ಜಾತಿಗಳಿದ್ದರೂ ನಡುನೀರಿನ ಕೊರತೆಯನ್ನು ಅವು ತುಂಬಲಾರವು. ವೈವಿಧ್ಯವು ರಕ್ಷೆಯಾಗಬೇಕಾದರೆ ಒಂದೇ ಕಾರ್ಯವನ್ನು ನಡಸುವ ಜಾತಿಗಳು ಹಲವಿರಬೇಕು, ಮತ್ತು ಶಾಖಕ್ಕೆ ಅವು ಬೇರೆಬೇರೆ ಬಗೆಯಲ್ಲಿ ಪ್ರತಿಕ್ರಿಯಿಸಬೇಕು; ಎಲ್ಲಕ್ಕೂ ಮೂಲವಾದ ಆಹಾರವೇ ಕುಗ್ಗಿದಲ್ಲಿ ಅದೂ ಸಾಲದು. ಫೋರ್ಬ್ಸ್ ಪಂಡಿತರ ಪ್ರಬಂಧವನ್ನು ಪಾಠವಾಗಿ ಬೋಧಿಸುವವರು ಅದರ ಸಂಬಂಧದೃಷ್ಟಿಯನ್ನು ಉಳಿಸಿಕೊಂಡು, ಸಮತೋಲವು ತಾನಾಗಿ ಮರಳುವುದೆಂಬ ನಂಬಿಕೆಯನ್ನು ಬಿಡುವುದು ಯುಕ್ತವಾಗಿದೆ.