ಪತ್ರಗಳ ಒಡೆತನ: ‘ಪೋಲಿಷ್ ರೈತ’ ಗ್ರಂಥವನ್ನು ಕುರಿತು

ವಲಸೆಗಾರರ ಜೀವನವನ್ನು ಕುರಿತ ಸಂಶೋಧನೆಯಲ್ಲಿ ಡಬ್ಲ್ಯು. ಐ. ಥಾಮಸ್ ಮತ್ತು ಫ್ಲೋರಿಯನ್ ಜ್ನಾನಿಯೆಟ್ಸ್ಕಿ ರಚಿಸಿದ ‘ಯೂರೋಪು ಮತ್ತು ಅಮೆರಿಕೆಯಲ್ಲಿ ಪೋಲಿಷ್ ರೈತ’ (1918–1920) ಎಂಬ ಐದು ಸಂಪುಟಗಳ ಗ್ರಂಥಕ್ಕಿರುವ ಗೌರವ ಅಲ್ಪವಾದುದಲ್ಲ. ಸಾಮಾನ್ಯ ರೈತನ ಖಾಸಗಿ ಪತ್ರವನ್ನು ಇಷ್ಟು ವಿಸ್ತಾರವಾಗಿ ಆಧಾರವನ್ನಾಗಿ ಬಳಸಿದ ಕೃತಿಗಳು ಅದಕ್ಕೆ ಮೊದಲು ವಿರಳ. 1939ರಲ್ಲಿ ಹರ್ಬರ್ಟ್ ಬ್ಲೂಮರ್ ಅದನ್ನು ಪರೀಕ್ಷಿಸಿ, ಗ್ರಂಥಕರ್ತರ ಸಿದ್ಧಾಂತಗಳು ಆ ಪತ್ರಗಳಿಂದಲೇ ಹುಟ್ಟಿದುವಲ್ಲವೆಂದು ವಾದಿಸಿದರು. ನಾವು ಎತ್ತುವ ಪ್ರಶ್ನೆ ಅದಕ್ಕೂ ಹಿಂದಿನದು: ಆ ಪತ್ರಗಳು ಯಾರವು?

ಷಿಕಾಗೋ ನಗರದ ಪೋಲಿಷ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಪತ್ರವೊಂದಕ್ಕೆ ಕೆಲವು ಸೆಂಟುಗಳಂತೆ ತೆತ್ತು, ಅವುಗಳನ್ನು ಕೊಳ್ಳಲಾಯಿತು. ಮಾರಿದವನು ಪತ್ರವನ್ನು ಪಡೆದವನು. ಬರೆದವರಾದರೋ ಬಹುಮಟ್ಟಿಗೆ ಪೋಲೆಂಡಿನಲ್ಲೇ ಉಳಿದ ತಂದೆತಾಯಿ, ಹೆಂಡತಿ, ಒಡಹುಟ್ಟಿದವರು. ದೈವಸ್ತುತಿಯಿಂದ ಮೊದಲಾಗಿ, ಬಂಧುಬಳಗದ ವಂದನೆಗಳನ್ನೆಲ್ಲ ಮುಟ್ಟಿಸಿ, ಆಮೇಲೆ ಹೊಲದ ಹಂಚಿಕೆ, ಮಗಳ ಮದುವೆಯ ಹಣ, ಮನೆಯೊಳಗಿನ ಮನಸ್ತಾಪ ಇವುಗಳಿಗೆ ಇಳಿಯುವ ಪತ್ರಗಳವು. ಓದುಬರಹವಿಲ್ಲದವರು ಪರರ ಕೈಯಿಂದ ಬರೆಸಿದುವೂ ಉಂಟು. ಇಂಥ ಮಾತು ಅಚ್ಚಾಗಬಹುದೆಂದು ಅವರು ಕನಸಿನಲ್ಲಿಯೂ ಎಣಿಸಿರಲಾರರು.

ಅಂದಿನ ಕಾಲದಲ್ಲಿ ಯಾರೂ ಅನುಮತಿ ಕೇಳುತ್ತಿರಲಿಲ್ಲವೆಂದು ಹೇಳುವವರುಂಟು. ಈ ಸಮಾಧಾನ ನಮಗೆ ಒಪ್ಪಿಗೆಯಾಗದು. ಕಾಗದ ಪಡೆದವನ ಸ್ವತ್ತಾದರೂ ಪ್ರಕಟಣೆಯ ಹಕ್ಕು ಬರೆದವನದೇ ಎಂಬ ನಿಯಮವನ್ನು ಇಂಗ್ಲೆಂಡಿನ ನ್ಯಾಯಾಲಯ 1741ರಲ್ಲೇ, ಕವಿ ಪೋಪನು ಪ್ರಕಾಶಕ ಕರ್ಲ್‌ನ ಮೇಲೆ ಹೂಡಿದ ಮೊಕದ್ದಮೆಯಲ್ಲಿ, ಸ್ಥಾಪಿಸಿತ್ತು. ಕವಿಗೆ ದೊರೆತ ರಕ್ಷಣೆಯನ್ನು ರೈತನಿಗೂ ಸಲ್ಲಬೇಕಾದುದೆಂದು ಯಾರೂ ಭಾವಿಸಲಿಲ್ಲ, ಅಷ್ಟೆ.

1914ರ ಯುದ್ಧದಿಂದ ಪೋಲೆಂಡು ರಣರಂಗವಾಗಿ, ಬರೆದವರನ್ನು ವಿಚಾರಿಸುವುದು ದುಸ್ತರವಾಗಿತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ವಲಸೆಗಾರರ ರಕ್ಷಣೆಗಾಗಿ ವಾರ್ಸಾದಲ್ಲಿದ್ದ ಸಂಸ್ಥೆಯಲ್ಲಿ ದುಡಿದು ಬಂದಿದ್ದ ಜ್ನಾನಿಯೆಟ್ಸ್ಕಿಗೆ ಆ ಜನದ ಬಗೆಗೆ ಕಕ್ಕುಲತೆ ಇರಲಿಲ್ಲವೆಂದೂ ಹೇಳಲಾಗದು. ಆದರೂ ಮಾರಿದವನ ಒಪ್ಪಿಗೆಯೇ ಬರೆದವರ ಒಪ್ಪಿಗೆಯಾಗಲಾರದು.

ಕೊನೆಯ ಸಂಪುಟದಲ್ಲಿ ತೊಡಕು ಇನ್ನೂ ಹೆಚ್ಚುತ್ತದೆ. ಅಲ್ಲಿ ನ್ಯಾಯಾಲಯಗಳ ಮತ್ತು ಪರಿಹಾರ ಸಂಸ್ಥೆಗಳ ಕಡತಗಳಿಂದ ಅಮೆರಿಕೆಯ ಪೋಲಿಷರ ಸಾಮಾಜಿಕ ವಿಘಟನೆಯ ಚಿತ್ರವನ್ನು ಬರೆಯಲಾಗಿದೆ. ಸಂಕಟಕ್ಕೆ ಸಿಕ್ಕಿ ಕಡತವನ್ನು ಸೇರಿದವರ ಮುಖದಿಂದಲೇ ಇಡೀ ಸಮುದಾಯದ ಮುಖವನ್ನು ತಿಳಿಯಹೊರಟಂತಾಯಿತು.

ಈ ಗ್ರಂಥ ಹುಟ್ಟಲೇಬಾರದಿತ್ತೆಂದು ನಾವು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಆ ಹಳ್ಳಿಗರ ಧ್ವನಿ ನಮ್ಮವರೆಗೆ ಬರುತ್ತಲೇ ಇರಲಿಲ್ಲ. ಆದರೆ ಇಂದು ವಲಸೆ ಕಾರ್ಮಿಕನೊಬ್ಬನ ಸಹಿ ಪಡೆದು ಅವನ ದೂರವಾಣಿಯಲ್ಲಿರುವ ಮನೆಯವರ ಸಂದೇಶಗಳನ್ನು ನಕಲು ಮಾಡಿಕೊಳ್ಳುವ ನಮ್ಮ ಸಂಶೋಧನ ವಿದ್ಯಾರ್ಥಿಗೆ ಯುದ್ಧದ ಅಡ್ಡಿಯಿಲ್ಲ. ಸಂದೇಶ ಕಳುಹಿಸಿದ ತಾಯಿಯನ್ನು ಆ ದೂರವಾಣಿಯಲ್ಲಿಯೇ ಮಾತನಾಡಿಸಿ ಕೇಳಬಹುದು.