ಕೊಬ್ಬರಿಯಾದ ನೆಲ

ಚೌಳಹಿರಿಯೂರಿನ ನನ್ನ ಸೋದರಳಿಯನ ಗೃಹಪ್ರವೇಶದ ದಿನ, ಬಂದ ಬಂಧುಗಳೆಲ್ಲರೂ ಕನ್ನಡಿಯಂತೆ ಹೊಳೆಯುತ್ತಿದ್ದ ಹೊಸ ನೆಲವನ್ನು ಬಗ್ಗಿ ನೋಡಿ, ಅದರಲ್ಲಿ ತಂತಮ್ಮ ಮುಖಗಳನ್ನೇ ಕಂಡು ಹರ್ಷಿಸುತ್ತಿರಲಾಗಿ, ಆಯುಷ್ಯವನ್ನೆಲ್ಲ ತೆಂಗಿನ ತೋಟದಲ್ಲಿಯೇ ಸವೆಸಿದ ವೃದ್ಧರೊಬ್ಬರು ಮಾತ್ರ ಕಣ್ಣನ್ನು ಅರೆಮುಚ್ಚಿ, ಊರುಗೋಲಿನ ತುದಿಯಿಂದ ಒಂದೊಂದೇ ಟೈಲನ್ನು ತಟ್ಟುತ್ತ ಪಡಸಾಲೆಯಿಂದ ದೇವರಮನೆಯ ಹೊಸಿಲವರೆಗೆ ನಡೆದು, ಅಲ್ಲಿ ನಿಂತು, ಯಜಮಾನನನ್ನು ಕರೆದು, "ಇದು ಕೊಬ್ಬರಿ ಆಗೈತಲ್ಲಪ್ಪಾ" ಎಂದರು. ನೆಲದ ವಿಷಯದಲ್ಲಿ ನಾನು ಕೇಳಿದ ವಿಮರ್ಶೆಗಳಲ್ಲಿ ಇದಕ್ಕಿಂತ ಸಂಕ್ಷಿಪ್ತವೂ ಯಥಾರ್ಥವೂ ಆದುದು ಇನ್ನೊಂದಿಲ್ಲ.

ಕಡೂರು ಸೀಮೆಯವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಟ್ಟಕ್ಕೆ ಏರಿಸಿದ ಕಾಯಿಯೊಳಗಿನ ನೀರು ತಿಂಗಳುಗಟ್ಟಲೆ ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲುಗಿಸಿದರೆ ಒಳಗೆ ಲೊಟಲೊಟನೆ ಸದ್ದಾಗತೊಡಗಿತೆಂದರೆ ಉಂಡೆ ಕೊಬ್ಬರಿ ಸಿದ್ಧವಾಯಿತೆಂದು ರೈತ ಸಂತೋಷಪಡುತ್ತಾನೆ. ತೆಂಗಿಗೆ ಪಕ್ವತೆಯ ಲಕ್ಷಣವಾದ ಅದೇ ಬೇರ್ಪಡೆ ನೆಲಕ್ಕೆ ರೋಗ. ಟೈಲು ತನ್ನ ಹಾಸನ್ನು ಹಿಡಿಯದೆ ಹೋದುದನ್ನು ಕಣ್ಣು ವರ್ಷಗಟ್ಟಲೆ ಕಾಣಲಾರದು. ಕಿವಿಯು ಒಂದು ಕ್ಷಣದಲ್ಲಿ ಕಂಡುಹಿಡಿಯುತ್ತದೆ.

ಸುಟ್ಟ ಮಣ್ಣು ನಮ್ಮ ಮನೆಗಳಿಗೆ ಮೊದಲು ಬಂದದ್ದು ತಲೆಯ ಮೇಲಕ್ಕೆ, ಕಾಲ ಕೆಳಕ್ಕಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಆ ಕೆಂಪು ಹೆಂಚು ಘಟ್ಟವನ್ನೇರಿ ಬಂದಿತು. ಇಂದಿನ ವಿಟ್ರಿಫೈಡ್ ಟೈಲಾದರೋ ಗುಜರಾತಿನ ಮೋರ್ಬಿಯಿಂದ ಲಾರಿಯಲ್ಲಿ ಬರುತ್ತದೆ. ಇವೆರಡರ ಸ್ವಭಾವಗಳು ಭಿನ್ನವಾದವು. ಹೆಂಚಿನ ಜಾತಿಯ ಹಳೆಯ ಬಿಲ್ಲೆ ನೀರನ್ನು ಕುಡಿಯುತ್ತದೆ. ಆದುದರಿಂದಲೇ ಹಾಸುವುದಕ್ಕೆ ಮುನ್ನ ಅದನ್ನು ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆಗಳು ನಿಲ್ಲುವ ತನಕ ನೆನೆಸುವ ಪದ್ಧತಿ ಉಂಟಾಯಿತು. ವಿಟ್ರಿಫೈಡ್ ಟೈಲು ಕುಡಿಯುವ ನೀರು ತನ್ನ ತೂಕದ ಶೇಕಡಾ 0.5ನ್ನು ಮೀರುವುದಿಲ್ಲ. ರಂಧ್ರಗಳೇ ಇಲ್ಲದ ಆ ಬೆನ್ನಿಗೆ ಬರಿಯ ಸಿಮೆಂಟಿನ ಹಾಲನ್ನು ಬಳಿದು, ನಾಲ್ಕು ಮೂಲೆಗೂ ನಡುವಿಗೂ ಒಂದೊಂದು ಉಂಡೆಯನ್ನಿಟ್ಟು, ರಬ್ಬರಿನ ಸುತ್ತಿಗೆಯಿಂದ ಕುಟ್ಟಿ, ರಸಮಟ್ಟವನ್ನಿಟ್ಟು ನೋಡಿ ಸರಿಯಾಯಿತೆಂದು ಮುಂದಕ್ಕೆ ಸರಿದರೆ, ಮಟ್ಟವೇನೋ ಸರಿಯಾಗಿಯೇ ಇರುತ್ತದೆ; ಹಿಡಿತ ಮಾತ್ರ ಇರುವುದಿಲ್ಲ. ಟೈಲಿನ ಅಂಟನ್ನು ಹಲ್ಲಿರುವ ಕರಣೆಯಿಂದ ಹಾಸಿನ ಮೇಲೆಲ್ಲ ಗೀರಿ ಹರಡತಕ್ಕದ್ದು. ಖರ್ಚು ಹೆಚ್ಚೆಂದು ಹಿಂಜರಿಯುವ ಯಜಮಾನರೇ ದೇವರಮನೆಯ ಬಾಗಿಲಿನ ಕೆತ್ತನೆಗೆ ಅದರ ಹತ್ತರಷ್ಟನ್ನು ಸುರಿಯುವುದನ್ನು ನಾನು ಬಲ್ಲೆ.

ಇನ್ನು ಗೆರೆ ಕಾಣಬಾರದೆಂಬ ಹಟ. ಟೈಲಿಗೆ ಟೈಲನ್ನು ಉಸಿರಾಡಲೂ ಎಡೆಯಿಲ್ಲದಂತೆ ಒತ್ತಿ ಕೂರಿಸಿದ ನನ್ನ ಮನೆಯಲ್ಲಿಯೇ, ಒಂದು ಏಪ್ರಿಲ್ ಮಧ್ಯಾಹ್ನ ಊಟ ಮುಗಿಸಿ ಒರಗಿದ್ದಾಗ, ಪಟಾಕಿ ಸಿಡಿದಂತೆ ಶಬ್ದವಾಗಿ, ನಡುಮನೆಯ ಎರಡು ಟೈಲುಗಳು ಕಾಳಗದ ಟಗರುಗಳಂತೆ ತಲೆಗೆ ತಲೆ ಕೊಟ್ಟು ಎದ್ದು ನಿಂತಿದ್ದವು. ಬಿಸಿಲಿಗೆ ಹಿಗ್ಗುವ ವಸ್ತುವಿಗೆ ಹಿಗ್ಗಲು ಸ್ಥಳ ಬೇಕು: ಟೈಲುಗಳ ನಡುವೆ 2 ಮಿಲಿಮೀಟರಾದರೂ, ಗೋಡೆಯ ಬುಡದಲ್ಲಿ ಸ್ಕರ್ಟಿಂಗಿನ ಮರೆಯಲ್ಲಿ ಅದಕ್ಕಿಂತ ಹೆಚ್ಚಾಗಿಯೂ.

ನನ್ನ ಪಕ್ಷಪಾತವನ್ನು ಮುಚ್ಚಿಡುವುದೇತಕ್ಕೆ? ನನಗೆ ಪ್ರಿಯವಾದುದು ಕೆಂಪು ಗಾರೆಯ ನೆಲ. ಗಾರೆಯೆಂದರೆ ನಿಜವಾಗಿ ಎತ್ತು ಕಟ್ಟಿದ ಗಾಣದಲ್ಲಿ ಅರೆದ ಸುಣ್ಣ. ಸುಣ್ಣ ಹೋಗಿ ಸಿಮೆಂಟು ಬಂದರೂ ಕೆಲಸಕ್ಕೂ ಕೆಲಸಗಾರನಿಗೂ ಹೆಸರು ಅದೇ ಉಳಿದಿದೆ. ಕೆಂಪು ಬಣ್ಣವಾದರೋ ಕಬ್ಬಿಣದ ಆಕ್ಸೈಡು, ಅಂದರೆ ತುಕ್ಕಿನ ದಾಯಾದಿ. 1923ರಲ್ಲಿ ಕೆಲಸಕ್ಕೆ ತೊಡಗಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರನ್ನು ಕೊಟ್ಟ ನಮ್ಮ ತರೀಕೆರೆಯ ಕೆಮ್ಮಣ್ಣುಗುಂಡಿಗೆ ಹೆಸರನ್ನಿತ್ತ ಕೆಂಪೂ ಈ ಕುಲದ್ದೇ. ಆ ಪುಡಿಯನ್ನು ಸಿಮೆಂಟಿನೊಡನೆ ಒಣದಾಗಿಯೇ ಬೆರೆಸಿ, ಬಣ್ಣ ಒಂದೇ ಸಮನಾಗುವಂತೆ ಮತ್ತೆ ಮತ್ತೆ ಜರಡಿಯಾಡಿ, ಕೆಳಗಿನ ಹಾಸು ಇನ್ನೂ ಹಸಿಯಾಗಿರುವಾಗಲೇ ಮೇಲೆ ಎಳೆದು, ಬೆವರಿನ ಹನಿಯೂ ಬೀಳದಂತೆ ಎಚ್ಚರ ವಹಿಸಿ, ಒಂದು ಕೋಣೆಯನ್ನು ಒಂದೇ ದಿನದಲ್ಲಿ, ಹಿಂದಕ್ಕೆ ಸರಿಯುತ್ತ, ಕರಣೆಯಿಂದ ತೀಡಿ ಮುಗಿಸಬೇಕು. ನಡುವೆ ಎದ್ದು ಹೋದವನ ಗುರುತು ಆ ಮನೆ ಇರುವವರೆಗೂ ಅಲ್ಲಿ ಉಳಿಯುತ್ತದೆ. ಮರುದಿನ ಮಣ್ಣಿನ ಬದುವನ್ನು ಕಟ್ಟಿ, ಗದ್ದೆಯಂತೆ ನೀರು ನಿಲ್ಲಿಸಿ, ವಾರವಾದರೂ ಕಾಯಬೇಕು. ಬೇಗನೆ ಒಣಗಿದ ನೆಲ ಕೆರೆಯಂಗಳದಂತೆ ಬಿರಿಯುತ್ತದೆ. ಆಮೇಲೆ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸುತ್ತ ಬಂದರೆ ಸಾಕು, ಉಳಿದುದನ್ನು ಮನೆಮಂದಿಯ ಬರಿಗಾಲು ನೋಡಿಕೊಳ್ಳುತ್ತದೆ.

ಟೈಲಿನ ಶುಶ್ರೂಷೆ ಬೇರೆಯ ಬಗೆಯದು. ಕೊಳವೆಬಾವಿಯ ಗಡಸುನೀರು ಬಿಡುವ ಬಿಳಿಯ ಕರೆಯನ್ನು ತೆಗೆಯಲೆಂದು ಆಸಿಡ್ಡನ್ನು ಸುರಿಯುವವರು, ಕರೆಗಿಂತ ಮೊದಲು ಸಂದಿನ ಸಿಮೆಂಟನ್ನೇ ಕಳೆದುಕೊಳ್ಳುತ್ತಾರೆ. ಆ ಸಂದಿನಿಂದ ನೀರು ಇಳಿಯುತ್ತದೆ. ನಿತ್ಯವೂ ಒರೆಸಿ ಒಣಗಿಸಿದರೆ ಕರೆ ಕಟ್ಟುವುದೇ ಇಲ್ಲ.

ದೇವರಮನೆಯ ಹೊಸಿಲಿನ ಆ ಟೈಲನ್ನು ಗೃಹಪ್ರವೇಶದ ಮರುವಾರ ಗಾರೆಯವನು ಗೊಣಗುತ್ತಲೇ ಬಂದು, ಸಂದನ್ನು ಕೊಯ್ದು ಎಬ್ಬಿಸಿದ. ಐದು ಉಂಡೆಗಳೂ ಹಾಸಿನಲ್ಲಿಯೇ ಉಳಿದಿದ್ದವು. ಟೈಲಿನ ಬೆನ್ನು ಪೆಟ್ಟಿಗೆಯಿಂದ ಆಗತಾನೆ ತೆಗೆದಷ್ಟು ಶುಚಿಯಾಗಿತ್ತು. ಉಂಡೆಗಳನ್ನು ಕೆತ್ತಿ ತೆಗೆದು, ಅಂಟನ್ನು ಹರಡಿ, ಹೊಸದನ್ನು ಕೂರಿಸಿ, ಎರಡು ದಿನ ಯಾರೂ ತುಳಿಯದಂತೆ ಮಣೆಯನ್ನು ಅಡ್ಡ ಇಟ್ಟೆವು. ಮೂರನೆಯ ದಿನ ಯಾರೂ ಕರೆಯದಿದ್ದರೂ ಆ ಹಿರಿಯರು ಬಂದು, ಕೋಲಿನಿಂದ ತಟ್ಟಿ, ತಲೆಯಾಡಿಸಿ, ಕಾಫಿಯನ್ನು ಕುಡಿದು, ಕೈ ತೊಳೆಯಲೆಂದು ಹಿತ್ತಲ ಕಡೆಗೆ ಹೊರಟವರು ಬಚ್ಚಲಿನ ಬಾಗಿಲಲ್ಲಿ ಮತ್ತೊಮ್ಮೆ ನಿಂತರು.